ಬಟನ್ ದೊಡ್ಡದು ಮಾಡಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ಅಡಿಕೆ ದರದ ಪುಟವನ್ನು ನಿನ್ನೆ ಶಿರಸಿ ಪೇಟೆಯಲ್ಲಿ ಅಪ್ಪಯ್ಯನ ಫೋನಿನಲ್ಲಿ ತೆರೆದು ನೋಡಿದೆ. ಅವರು ‘ಚಾಲಿ’ ಅಡಿಕೆಯ ಬಟನ್ ಒತ್ತಿದರೆ ಪಕ್ಕದ ‘ರಾಶಿ’ ಅಡಿಕೆಯದು ತೆರೆಯಿತು, ಅದೂ ಮೂರು ಸಲ. ಅಡಿಕೆ ಸುಲಿದು ಜಡ್ಡುಗಟ್ಟಿದ ಬೆರಳು ನಿಜ, ಆದರೆ ತಪ್ಪು ಬೆರಳಿನದಲ್ಲ, ನಮ್ಮದು. ಅಲ್ವಾ?

ವೆಬ್ ಪುಟ ಎಲ್ಲರಿಗೂ ಬಳಸಲು ಬರಬೇಕು ಅನ್ನುವ ಮಾರ್ಗಸೂಚಿ ಡಬ್ಲ್ಯೂಸಿಎಜಿ. 2023ರಲ್ಲಿ ಬಂದ ಅದರ 2.2ನೇ ಆವೃತ್ತಿಯ ಪ್ರಕಾರ ಬಟನ್ ಕನಿಷ್ಠ 24 × 24 ಸಿಎಸ್‌ಎಸ್ ಪಿಕ್ಸೆಲ್ (ವೆಬ್ ಪುಟದ ಅಳತೆ) ಇರಬೇಕು. ಚಿಕ್ಕದಿದ್ದರೆ ಸುತ್ತ ಜಾಗ ಬಿಡಬೇಕು. ಅದೇ ಮಾರ್ಗಸೂಚಿಯ ಇನ್ನೂ ಬಿಗಿಯಾದ ಹಂತಕ್ಕೆ 44 × 44 ಬೇಕು. ನಾವು ಸುಮ್ನೆ 48 ಇಟ್ಟುಬಿಡೋಣ. ಐಕಾನ್ ಚಿಕ್ಕದೇ ಇರಲಿ, ಪ್ಯಾಡಿಂಗ್ (ಬಟನ್ ಒಳಗೆ ಐಕಾನ್ ಸುತ್ತ ಖಾಲಿ ಜಾಗ) ಕೊಟ್ಟರೆ ಒತ್ತುವ ಜಾಗ ಜಾಸ್ತಿಯಾಗುತ್ತದೆ. ಅಂದ ಕೆಡುತ್ತದೆ ಅನ್ನುವವರು ಮಳೆಯಲ್ಲಿ ಒದ್ದೆ ಕೈಯಿಂದ ಒಮ್ಮೆ ಒತ್ತಿ ನೋಡಿ.

ಶನಿವಾರದೊಳಗೆ ತಿದ್ದಿ, ಸ್ಕ್ರೀನ್‌ಶಾಟ್ ಇಲ್ಲೇ ಹಾಕಿ.