ಹಳೇ ಸ್ಟೇಷನ್ ಕಟ್ಟಡವನ್ನು ವಸ್ತುಸಂಗ್ರಹಾಲಯವಾಗಿ ಉಳಿಸಿಕೊಳ್ಳಲು ದೇಣಿಗೆ ಮನವಿ

ಊರಿನ ಸಮಸ್ತ ಬಾಂಧವರಿಗೆ, ಊರು ಬಿಟ್ಟು ಮುಂಬೈ, ಪುಣೆ, ಸೋಲಾಪುರ, ಹೈದರಾಬಾದ್, ಬೆಂಗಳೂರುಗಳಲ್ಲಿ ನೆಲೆಸಿರುವ ನಮ್ಮವರೆಲ್ಲರಿಗೆ ಟ್ರಸ್ಟಿನ ಪರವಾಗಿ ಶರಣು ಶರಣಾರ್ಥಿಗಳು.

ಹೊಸ ಸ್ಟೇಷನ್ ಬಳಕೆಗೆ ಬಂದ ಮೇಲೆ ಖಾಲಿ ಬಿದ್ದಿರುವ ನಮ್ಮೂರಿನ ಹಳೇ ಸ್ಟೇಷನ್ ಕಟ್ಟಡವನ್ನು ವಸ್ತುಸಂಗ್ರಹಾಲಯವಾಗಿ ಮಾಡಬೇಕೆಂಬ ಪ್ರಸ್ತಾವ ಪುರಸಭೆಯ ಮುಂದಿರುವುದು ತಮಗೆಲ್ಲ ಗೊತ್ತಿದೆ. ಈಚಿನ ಸಾಮಾನ್ಯ ಸಭೆಯಲ್ಲಿ ಈ ವಿಷಯದ ಮೇಲೆ ಬಹಳ ಹೊತ್ತು ಚರ್ಚೆಯಾಗಿ, ಪರವಾಗಿಯೂ ವಿರೋಧವಾಗಿಯೂ ಮಾತುಗಳು ಬಂದು, ಕೊನೆಗೆ ಠರಾವು ಆಗದೆ ಮುಂದಿನ ಸಭೆಗೆ ಹೋಯಿತು. ಮುಂದೂಡುವ ಮೊದಲು ಸದಸ್ಯರು ನಮ್ಮ ಟ್ರಸ್ಟನ್ನು ಕೇಳಿದ್ದು ಒಂದೇ ಪ್ರಶ್ನೆ: ದುರಸ್ತಿಯ ಖರ್ಚನ್ನು ಯಾರು ಹೊರುತ್ತಾರೆ? ಊರಿನವರೇ ಹೊರುತ್ತಾರೆ ಎಂದು ನಾವು ಸಭೆಗೆ ಹೇಳಿ ಬಂದಿದ್ದೇವೆ. ತಮ್ಮೆಲ್ಲರ ಮೇಲಿನ ಭರವಸೆಯಿಂದ ಕೊಟ್ಟ ಆ ಮಾತನ್ನು ನಡೆಸಿಕೊಡಬೇಕೆಂದು ಕೋರುವುದಕ್ಕಾಗಿ ಈ ಮನವಿ.

ವಿರೋಧಿಸಿದ ಸದಸ್ಯರ ಮಾತನ್ನು ಮೊದಲು ಹೇಳುವುದು ನ್ಯಾಯ. ಬೇಸಿಗೆ ಬಂದರೆ ವಾರ್ಡುಗಳಿಗೆ ದಿನ ಬಿಟ್ಟು ದಿನ ನೀರು ಬಿಡುವ ಊರಿನಲ್ಲಿ, ಚರಂಡಿಗಳೇ ಪೂರ್ತಿಯಾಗದಿರುವಾಗ, ಪುರಸಭೆಯ ಹಣವನ್ನು ಹಳೇ ಗೋಡೆಗೆ ಹಾಕುವುದು ಸರಿಯೇ ಎಂದು ಒಬ್ಬರು ಕೇಳಿದರು. ಆ ಕಟ್ಟಡವನ್ನು ಕೆಡವಿ ಅಲ್ಲಿ ಮಳಿಗೆ ಕಟ್ಟಿದರೆ ಬಾಡಿಗೆಯಾದರೂ ಬರುತ್ತದೆ ಎಂದು ಇನ್ನೊಬ್ಬರು ಹೇಳಿದರು. ಮೊದಲನೆಯ ಮಾತನ್ನು ನಾವು ಪೂರ್ತಿ ಒಪ್ಪುತ್ತೇವೆ. ನೀರಿನ ಹಣದಲ್ಲಿ ಒಂದು ಪೈಸೆಯನ್ನೂ ನಾವು ಕೇಳುತ್ತಿಲ್ಲ, ಕೇಳುವುದೂ ಇಲ್ಲ. ಎರಡನೆಯ ಮಾತಿಗೆ ಬಂದರೆ, ಜಾಗ ಮತ್ತು ಕಟ್ಟಡ ಎರಡೂ ರೈಲ್ವೆಯವು. ಅವನ್ನು ಕೆಡವಿ ಮಳಿಗೆ ಕಟ್ಟುವ ಅಧಿಕಾರ ಪುರಸಭೆಗಿಲ್ಲ. ಪುರಸಭೆ ಮಾಡಬಹುದಾದದ್ದು ಇಷ್ಟೇ: ಕಟ್ಟಡವನ್ನು ಸಾರ್ವಜನಿಕ ಉಪಯೋಗಕ್ಕೆ ಒಪ್ಪಂದದ ಮೇಲೆ ಬಿಟ್ಟುಕೊಡಿ ಎಂದು ಠರಾವು ಮಾಡಿ, ಜಿಲ್ಲಾಧಿಕಾರಿಗಳ ಮುಖಾಂತರ ರೈಲ್ವೆಯ ಸಿಕಂದರಾಬಾದ್ ವಿಭಾಗಕ್ಕೆ ಕಳಿಸುವುದು. ಒಪ್ಪಂದವಾದರೆ ಕಾವಲುಗಾರನ ಸಂಬಳ ಮತ್ತು ಕರೆಂಟ್ ಬಿಲ್ಲು ಪುರಸಭೆಯದು, ದುರಸ್ತಿ ಮತ್ತು ಒಳಗಿನ ಜೋಡಣೆ ಟ್ರಸ್ಟಿನದು ಎಂದು ನಾವು ಲಿಖಿತವಾಗಿ ಬರೆದುಕೊಟ್ಟಿದ್ದೇವೆ. ಯಾರೂ ಕೈಹಾಕದೆ ಬಿಟ್ಟರೆ ಆ ಕಟ್ಟಡ ಮಳಿಗೆಯೂ ಆಗದೆ, ಮ್ಯೂಸಿಯಮ್ಮೂ ಆಗದೆ ನಾಲ್ಕಾರು ಮಳೆಗಾಲದಲ್ಲಿ ತಾನೇ ಬೀಳುತ್ತದೆ.

ನಮ್ಮೂರಿನ ಮೇಲೆ ಹಾಯ್ದುಹೋಗುವ ಹಳಿ ಸಾಮಾನ್ಯವಾದದ್ದಲ್ಲ. ಮುಂಬೈ ಕಡೆಯಿಂದ ಕಲಬುರಗಿ, ಶಹಾಬಾದ್, ವಾಡಿ, ಯಾದಗಿರಿಗಳ ಮೇಲೆ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿತು. ಅದಾದ ಮೂರು ವರ್ಷಕ್ಕೆ, 1874ರಲ್ಲಿ, ಸಾಲಾರ್ ಜಂಗರು ಹೈದರಾಬಾದ್ ಸಂಸ್ಥಾನದ ದಿವಾನರಾಗಿದ್ದ ಕಾಲದಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ನಿಜಾಮ ಸರ್ಕಾರದ ಹಣದಿಂದ ಹಾಸಿದ ಹಳಿ ತೆರೆಯಿತು. ಹೈದರಾಬಾದ್ ನಗರ ಹೊರ ಜಗತ್ತಿನ ರೈಲುಗಳಿಗೆ ಸೇರಿದ್ದು ಈ ದಾರಿಯಿಂದ, ನಮ್ಮ ಕಾಗಿಣಾ ನದಿಯ ದಂಡೆಯ ಹೊಲಗಳ ನಡುವಿನಿಂದ. ಇದೇ ಹಳಿ 1930ರಲ್ಲಿ ಅದನ್ನು ನಡೆಸುತ್ತಿದ್ದ ಕಂಪನಿಯ ಕೈಯಿಂದ ನಿಜಾಮ ಸರ್ಕಾರದ ಕೈಗೆ, 1950ರಲ್ಲಿ ಭಾರತ ಸರ್ಕಾರದ ಕೈಗೆ, 1951ರಲ್ಲಿ ಮಧ್ಯ ರೈಲ್ವೆಗೆ, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆಗೆ ಬಂತು. ದೇಶಕ್ಕೆ 1947ರ ಆಗಸ್ಟ್ 15ರಂದು ಸ್ವಾತಂತ್ರ್ಯ ಬಂದರೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ನಮಗೆ ಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ. ನಡುವಿನ ಆ ದಿನಗಳಲ್ಲಿ, ನಿಜಾಮರ ಪರವಾದ ಖಾಸಗಿ ಪಡೆ ರಜಾಕಾರರ ಹಾವಳಿಯ ದಿನಗಳಲ್ಲಿ ಮನೆಗೆ ಬೀಗ ಹಾಕಿ ಗಡಿಯಾಚೆಯ ಸೋಲಾಪುರದತ್ತ ಹೊರಟ ಕುಟುಂಬಗಳ ನೆನಪು ನಮ್ಮ ಭಾಗದ ಪ್ರತಿ ಊರಿನಲ್ಲೂ ಇದೆ. ಅದನ್ನು ಹೇಳಬಲ್ಲ ಹಿರಿಯರು ಈಗ ಬೆರಳೆಣಿಕೆಯಷ್ಟು.

ಆದರೂ ಇಸವಿಗಳಿಗಾಗಿ ಮಾತ್ರ ನಾವು ಈ ಕಟ್ಟಡವನ್ನು ಉಳಿಸಬೇಕೆನ್ನುತ್ತಿಲ್ಲ. ತೊಗರಿ ರಾಶಿ ಮುಗಿದ ಮೇಲೆ ಮನೆಮಂದಿಯೆಲ್ಲ ಗುಳೆ ಹೊರಟು, ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿಯ ಗಂಟು, ಒಂದು ಕೊಡ, ಒಂದು ಕಂಬಳಿ ಇಟ್ಟುಕೊಂಡು ರಾತ್ರಿಯ ಗಾಡಿಗೆ ಕಾಯುತ್ತಿದ್ದುದು ಈ ಕಟ್ಟಡದ ಪಡಸಾಲೆಯಲ್ಲಿ. ಮುಂಬೈಯ ಕಟ್ಟಡಗಳಿಗೆ, ಹೈದರಾಬಾದಿನ ರಸ್ತೆಗಳಿಗೆ ಮಣ್ಣು ಕಲ್ಲು ಹೊತ್ತ ನಮ್ಮ ತಾಯಂದಿರು ಮಳೆಗಾಲಕ್ಕೆ ಮರಳಿ ಬಂದು ಇಳಿದದ್ದೂ ಇಲ್ಲಿಯೇ. ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರಿಂದ ಇದೆ, ಹುಬ್ಬಳ್ಳಿಯದು 2020ರಲ್ಲಿ ತೆರೆದಿದೆ, ಎರಡೂ ನೋಡತಕ್ಕವು. ನಮ್ಮಲ್ಲಿ ಹಾಗೆ ನಿಲ್ಲಿಸಲು ಉಗಿಬಂಡಿಗಳಿಲ್ಲ. ನಮ್ಮ ಸಂಗ್ರಹಾಲಯ ಗಾಡಿ ಹತ್ತಿದವರದು, ಗಾಡಿ ನಡೆಸಿದ ಗ್ಯಾಂಗ್‌ಮನ್, ಪಾಯಿಂಟ್ಸ್‌ಮನ್, ಹಮಾಲರದು ಆಗಬೇಕೆಂಬುದು ಟ್ರಸ್ಟಿನ ಗಟ್ಟಿ ನಿಲುವು. ಗುಳೆ ಹೋದವರ ಹೆಸರು ಯಾವ ಶಾಸನದಲ್ಲೂ ಇಲ್ಲ, ಒಂದು ಕೋಣೆಯ ಗೋಡೆಯ ಮೇಲಾದರೂ ಇರಲಿ.

ಒಳಗೆ ಏನಿಡುತ್ತೀರಿ ಎಂದು ಕೇಳುವವರಿಗಾಗಿ ಎರಡು ವಸ್ತುಗಳನ್ನು ಹೇಳುತ್ತೇವೆ. ಒಂದು, ಹಳೇ ರಟ್ಟಿನ ಟಿಕೇಟು. ಎರಡೂಕಾಲು ಅಂಗುಲ ಉದ್ದ, ಒಂದೂಕಾಲು ಅಂಗುಲದಷ್ಟು ಅಗಲವಿರುವ ಈ ಟಿಕೇಟನ್ನು 1830ರ ದಶಕದ ಕೊನೆಯಲ್ಲಿ ರೂಪಿಸಿದವರು ಇಂಗ್ಲೆಂಡಿನ ಒಬ್ಬ ಸ್ಟೇಷನ್ ಮಾಸ್ತರರು, ಥಾಮಸ್ ಎಡ್ಮಂಡ್ಸನ್. ಪ್ರತಿ ಟಿಕೇಟಿಗೂ ಕ್ರಮಸಂಖ್ಯೆ ಇದ್ದುದರಿಂದ ಸಂಜೆಗೆ ಎಷ್ಟು ಮಾರಾಟವಾಯಿತೆಂಬ ಲೆಕ್ಕ ತಪ್ಪುವಂತಿರಲಿಲ್ಲ. ತಾರೀಖನ್ನು ಒತ್ತಲು ಬೇರೆಯೇ ಒಂದು ಕಬ್ಬಿಣದ ಯಂತ್ರವಿತ್ತು, ಅದರ ಟಕ್ ಎಂಬ ಸದ್ದು ಕೇಳಿದ ಮೇಲೆಯೇ ಸಾಲಿನಲ್ಲಿ ನಿಂತವರಿಗೆ ಸಮಾಧಾನ. ಇನ್ನೊಂದು, ಒಂಟಿ ಹಳಿಯ ಕಾಲದ ಟೋಕನ್, ಅಂದರೆ ಮುಂದಿನ ಸ್ಟೇಷನ್ನಿನವರೆಗೆ ಹೋಗಲು ಡ್ರೈವರನಿಗೆ ಕೊಡುತ್ತಿದ್ದ ಅನುಮತಿಯ ಗುರುತು. ಎರಡು ಸ್ಟೇಷನ್ನುಗಳಲ್ಲಿ ಒಂದೊಂದು ಯಂತ್ರ, ಎರಡಕ್ಕೂ ತಂತಿಯ ಸಂಬಂಧ. ಒಂದರಿಂದ ಟೋಕನ್ ಎನ್ನುವ ಒಂದು ಲೋಹದ ಗುಂಡು ಹೊರಬಂದರೆ, ಅದನ್ನು ಮರಳಿ ಯಂತ್ರಕ್ಕೆ ಹಾಕುವವರೆಗೆ ಎರಡರಲ್ಲಿ ಯಾವುದೂ ಇನ್ನೊಂದು ಗುಂಡನ್ನು ಬಿಡುವುದಿಲ್ಲ. ಆ ಗುಂಡು ಕೈಯಲ್ಲಿಲ್ಲದೆ ಡ್ರೈವರ್ ಮುಂದಕ್ಕೆ ಹೋಗುವಂತಿಲ್ಲವಾದ್ದರಿಂದ ಎದುರುಬದುರು ಗಾಡಿ ಬರುವ ಭಯವಿರಲಿಲ್ಲ. ನಿಲ್ಲದ ಗಾಡಿಗಳಿಗೆ ಗುಂಡಿನ ಚೀಲವನ್ನು ಬೆತ್ತದ ಬಳೆಗೆ ಕಟ್ಟಿ, ಪ್ಲಾಟ್‌ಫಾರ್ಮಿನ ಅಂಚಿಗೆ ನಿಂತು ಎತ್ತಿ ಹಿಡಿದರೆ, ಓಡುವ ಎಂಜಿನ್ನಿನಿಂದ ಕೈಚಾಚಿ ಅದನ್ನು ತೋಳಿಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದರು. ಶಾಲೆಯ ಮಕ್ಕಳು ತಮ್ಮ ಕೈಯಿಂದಲೇ ಗುಂಡು ತೆಗೆದು ಹಾಕಿ ನೋಡುವಂಥ ಜೋಡಿ ಯಂತ್ರವನ್ನು ರೈಲ್ವೆಯಿಂದ ಎರವಲು ಕೇಳಲಿದ್ದೇವೆ. ವಿಜ್ಞಾನದ ಪಾಠ ಅದಕ್ಕಿಂತ ಸುಲಭವಾಗಿ ತಿಳಿಯುವುದು ಕಷ್ಟ.

ಹಳೇ ಕಟ್ಟಡದಲ್ಲಿ ಮ್ಯೂಸಿಯಂ ನಡೆಯುತ್ತದೆಯೇ ಎಂಬ ಅನುಮಾನ ಇದ್ದವರು ದೂರ ಹೋಗಬೇಕಿಲ್ಲ. ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯ ಇರುವುದು ಹಳೇ ಗುಮ್ಮಟಗಳೊಳಗೆ, ಬೀದರ್ ಕೋಟೆಯದು ಅರಸರ ಹಮಾಮಿನೊಳಗೆ, ಅಂದರೆ ಸ್ನಾನಗೃಹದೊಳಗೆ.

ಈಗ ಕಟ್ಟಡದ ಸ್ಥಿತಿ. ಗೋಡೆ ನಮ್ಮ ನೆಲದ ಸುಣ್ಣಕಲ್ಲಿನದು, ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ಛಾವಣಿ ಹಳೇ ಹಳಿಗಳನ್ನೇ ತೊಲೆಯಾಗಿಟ್ಟು ಮೇಲೆ ಫರಸಿ, ಅಂದರೆ ಚಪ್ಪಡಿ ಕಲ್ಲು, ಹಾಸಿದ್ದು. ಗೋಡೆ ಈಗಲೂ ಗಟ್ಟಿಯಾಗಿದೆ. ಕೆಟ್ಟಿರುವುದು ಛಾವಣಿ ಮತ್ತು ಹಿಂದೆ ಹಾಕಿದ ಸಿಮೆಂಟಿನ ತೇಪೆಗಳು. ಗಾರೆಯ ಗೋಡೆ ಹೀರಿದ ನೀರನ್ನು ಮತ್ತೆ ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ನಿಂತು ಕಲ್ಲಿನ ಮೈ ಸಿಪ್ಪೆಸಿಪ್ಪೆಯಾಗಿ ಉದುರುತ್ತದೆ. ಉತ್ತರದ ಗೋಡೆಯಲ್ಲಿ ಇದನ್ನು ಯಾರು ಬೇಕಾದರೂ ಕೈಯಿಂದ ಮುಟ್ಟಿ ನೋಡಬಹುದು. ಮೂಲೆಯಲ್ಲಿ ಎದ್ದಿರುವ ಅರಳಿ ಸಸಿಯನ್ನು ಕಿತ್ತೆಳೆಯದೆ, ಬುಡದಲ್ಲಿ ಕೊಯ್ದು ಬೇರನ್ನು ಒಣಗಿಸಿ ತೆಗೆಯಬೇಕು. ಆದ್ದರಿಂದ ಸಿಮೆಂಟನ್ನು ಪೂರ್ತಿ ಕೆತ್ತಿ ತೆಗೆದು, ಸುಣ್ಣವನ್ನು ವಾರಗಟ್ಟಲೆ ನೆನೆಹಾಕಿ, ಬೆಲ್ಲ ಮತ್ತು ಅಳಲೆಕಾಯಿಯ ನೀರು ಬೆರೆಸಿ ಅರೆದ ಗಾರೆಯಿಂದಲೇ ಕೆಲಸ ಮಾಡಿಸಲು ತೀರ್ಮಾನಿಸಿದ್ದೇವೆ. ಈ ಕೆಲಸ ಬಲ್ಲ ಗೌಂಡಿಗಳು ನಮ್ಮ ಭಾಗದಲ್ಲಿ ಕಡಿಮೆಯಾಗುತ್ತಿರುವುದರಿಂದ, ಇರುವವರ ಕೈಕೆಳಗೆ ಊರಿನ ತರುಣರು ಕಲಿಯುವಂತೆಯೂ ಏರ್ಪಾಡು ಮಾಡುತ್ತೇವೆ. ಸುಡುಬಿಸಿಲಿನಲ್ಲಿ ಗಾರೆ ಬೇಗ ಒಣಗಿ ಬಿರಿಯುತ್ತದೆ, ಮಳೆಗಾಲದಲ್ಲಿ ಹಿಡಿಯುವುದೇ ಇಲ್ಲ. ದಸರೆಯಿಂದ ಶಿವರಾತ್ರಿಯವರೆಗಿನ ಅವಧಿಯೇ ಅದಕ್ಕೆ ತಕ್ಕದ್ದು. ಮುಂದಿನ ಸಭೆಯಲ್ಲಿ ಠರಾವು ಆಗದೆ ಹೋದರೆ ಒಂದು ವರ್ಷ ಹಿಂದೆ ಬೀಳುತ್ತೇವೆ, ಛಾವಣಿ ಇನ್ನೊಂದು ಮಳೆಗಾಲವನ್ನು ತಡೆಯಬೇಕಾಗುತ್ತದೆ. ಸಭೆಗೆ ಮೊದಲೇ ದೇಣಿಗೆ ಕೇಳುತ್ತಿರುವುದಕ್ಕೆ ಕಾರಣ ಇದು.

ತಮ್ಮ ಶಕ್ತಿಗೆ ತಕ್ಕಷ್ಟು ಕೊಡಿ. ಒಬ್ಬ ಗೌಂಡಿಯ ಒಂದು ದಿನದ ಕೂಲಿ, ಒಂದು ಚೀಲ ಸುಣ್ಣ, ಛಾವಣಿಗೆ ಹಾಸುವ ಒಂದು ಫರಸಿ, ಏನಾದರೂ ಆಗಬಹುದು. ಫರಸಿ ಖಣಿಯ ಮಾಲೀಕರು ಕಲ್ಲನ್ನೇ ಕೊಟ್ಟರೆ ಹಣಕ್ಕಿಂತ ಹೆಚ್ಚು ಸಂತೋಷ. ಕೊಟ್ಟವರ ಹೆಸರನ್ನು ಮೊತ್ತದ ಪ್ರಕಾರ ದೊಡ್ಡದು ಚಿಕ್ಕದು ಮಾಡಿ ಕೆತ್ತಿಸುವುದಿಲ್ಲ. ಎಲ್ಲರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ ಇರುತ್ತದೆ. ಬಂದ ಹಣ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರುತ್ತದೆ. ಪುರಸಭೆ ಒಪ್ಪದೆ ಹೋದರೆ ಅಥವಾ ರೈಲ್ವೆ ಕಟ್ಟಡವನ್ನು ಬಿಟ್ಟುಕೊಡದೆ ಹೋದರೆ ಪ್ರತಿಯೊಬ್ಬರ ಹಣವನ್ನೂ ರಸೀದಿ ನೋಡಿ ಹಿಂದಿರುಗಿಸುತ್ತೇವೆ. ಬೇರೆ ಯಾವ ಕೆಲಸಕ್ಕೂ, ಎಷ್ಟೇ ಒಳ್ಳೆಯದಿರಲಿ, ಅದನ್ನು ತಿರುಗಿಸುವುದಿಲ್ಲ. ಎಂಜಿನಿಯರರ ಅಂದಾಜು ಪಟ್ಟಿಯ ಪ್ರತಿ ಟ್ರಸ್ಟಿನ ಕಚೇರಿಯಲ್ಲಿದೆ, ಕೇಳಿದವರಿಗೆಲ್ಲ ತೋರಿಸುತ್ತೇವೆ. ಆದಾಯ ತೆರಿಗೆಯಲ್ಲಿ ವಿನಾಯಿತಿ ಬಯಸುವವರು 2,000 ರೂಪಾಯಿಗಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಡದೆ ಚೆಕ್ ಅಥವಾ ಬ್ಯಾಂಕ್ ಮೂಲಕ ಕೊಡಬೇಕಾಗಿ ವಿನಂತಿ. ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿರುವ ನಮ್ಮೂರಿನ ಮಕ್ಕಳು ಭಾರತದ ಪೌರರಾಗಿಯೇ ಇದ್ದರೆ ತಮ್ಮ ಸ್ವಂತ ಗಳಿಕೆಯಿಂದ ಬ್ಯಾಂಕ್ ಮುಖಾಂತರ ಕಳಿಸಬಹುದು. ಬೇರೆ ದೇಶದ ಪೌರತ್ವ ಪಡೆದವರಿಂದ ಸದ್ಯಕ್ಕೆ ನಾವು ಹಣ ತೆಗೆದುಕೊಳ್ಳುವಂತಿಲ್ಲ.

ಹಣದಷ್ಟೇ ಮುಖ್ಯವಾದ ಇನ್ನೊಂದು ಕೋರಿಕೆ ಇದೆ. ರೈಲ್ವೆಯಲ್ಲಿ ದುಡಿದ ಅಪ್ಪ, ಅಜ್ಜಂದಿರ ಮನೆಗಳಲ್ಲಿ ಕೆಂಪು ಹಸಿರು ಗಾಜಿನ ಕೈದೀಪ, ಪಿತ್ತಳೆಯ ಬಿಲ್ಲೆ, ಸೇವಾ ಪುಸ್ತಕ, ಫೋಟೋಗಳು ಅಟ್ಟದ ಮೇಲೆ ಬಿದ್ದಿರುತ್ತವೆ. ಹಳೇ ಟಿಕೇಟು, ನಿಜಾಮ ಸರ್ಕಾರದ ಕರೋಡಗೀರಿಯ (ಸುಂಕದ) ಚೀಟಿ, ಏಳು ಕೊಟ್ಟರೆ ಇಂಗ್ರೇಜಿ ರೂಪಾಯಿ ಆರು ಬರುತ್ತಿದ್ದ ನಿಜಾಮರ ಹಾಲಿ ಸಿಕ್ಕಾ ನಾಣ್ಯಗಳು ಕೆಲವರ ಪೆಟ್ಟಿಗೆಯಲ್ಲಿ ಈಗಲೂ ಇವೆ. ಅವನ್ನು ಗುಜರಿಗೆ ಹಾಕಬೇಡಿ. ದಾನವಾಗಿ ಕೊಡಲು ಮನಸ್ಸಿಲ್ಲದಿದ್ದರೆ ಎರವಲಾಗಿ ಕೊಡಿ. ಯಾರ ಮನೆಯದೆಂದು ಬರೆದು ಇಡುತ್ತೇವೆ, ಕೇಳಿದಾಗ ಮರಳಿಸುತ್ತೇವೆ. ಗುಳೆ ಹೋಗಿ ಬಂದ ಹಿರಿಯರು, ವಿಶೇಷವಾಗಿ ತಾಯಂದಿರು, ತಮ್ಮ ನೆನಪುಗಳನ್ನು ಹೇಳಲು ಒಪ್ಪಿದರೆ ನಮ್ಮ ಕಾರ್ಯಕರ್ತರೇ ಮನೆಗೆ ಬಂದು ಧ್ವನಿ ಮುದ್ರಿಸಿಕೊಳ್ಳುತ್ತಾರೆ. ಯಾವ ಭಾಷೆಯಲ್ಲಾದರೂ ಹೇಳಿ. ಕನ್ನಡ, ಉರ್ದು, ತೆಲುಗು, ಲಂಬಾಣಿ ಎಲ್ಲವೂ ಈ ಪ್ಲಾಟ್‌ಫಾರ್ಮಿನ ಭಾಷೆಗಳೇ.

ದೇಣಿಗೆ ಮತ್ತು ವಸ್ತುಗಳನ್ನು ಪ್ರತಿದಿನ ಸಂಜೆ ಟ್ರಸ್ಟಿನ ಕಚೇರಿಯಲ್ಲಿ ಸ್ವೀಕರಿಸಿ ಅಲ್ಲಿಯೇ ರಸೀದಿ ಕೊಡಲಾಗುವುದು. ರಸೀದಿ ಇಲ್ಲದೆ ಯಾರ ಕೈಗೂ ಹಣ ಕೊಡಬಾರದಾಗಿ ಕೋರುತ್ತೇವೆ. ಪುರಸಭೆಯ ಮುಂದಿನ ಸಭೆಗೆ ದಾನಿಗಳ ಪಟ್ಟಿಯನ್ನು ಒಪ್ಪಿಸಬೇಕಾಗಿರುವುದರಿಂದ, ಕೊಡುವ ಮನಸ್ಸಿರುವವರು ಹಣವನ್ನು ಆಮೇಲೆ ಕೊಟ್ಟರೂ ಸರಿ, ಹೆಸರು ಮತ್ತು ಮೊತ್ತವನ್ನು ಈಗಲೇ ಬರೆಸಬೇಕಾಗಿ ವಿನಂತಿ.

ಟ್ರಸ್ಟಿನ ಎಲ್ಲ ಸದಸ್ಯರ ಪರವಾಗಿ,
ಕಾರ್ಯದರ್ಶಿ