ಏಳನೆಯ ತರಗತಿ ಮುಗಿಸಿದ ಮಗಳಿಗೆ

ಕುಷ್ಟಗಿ ತಾಲ್ಲೂಕು,
ಕೊಪ್ಪಳ ಜಿಲ್ಲೆ

ಮಗಳಿಗೆ ನಿನ್ನ ಅವ್ವ ಮಾಡುವ ಆಶೀರ್ವಾದ.

ಇತ್ತ ನಾವು ಕ್ಷೇಮ, ಅತ್ತ ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯಬೇಕು. ಹೈಸ್ಕೂಲಿನಲ್ಲಿ ಕಲಿತ ಪತ್ರಲೇಖನದಲ್ಲಿ ನನಗೆ ಈಗ ನೆನಪಿರುವುದು ಈ ಒಂದು ಸಾಲು ಮಾತ್ರ. ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ನೀನು ಎರಡು ಸಲ ‘ಹೂಂ’ ಎಂದು ಫೋನನ್ನು ಅಜ್ಜಿಯ ಕೈಗೆ ತುರುಕಿ ಓಡುತ್ತೀಯೆ. ಅಜ್ಜಿಗೆ ಕಿವಿ ಮಂದ. ನಾನು ಕೂಗುವುದು ಅವಳಿಗೆ ಬಿಟ್ಟು ಇಲ್ಲಿ ಓಣಿಗೆಲ್ಲ ಕೇಳಿಸುತ್ತದೆ. ಮಾವ ನಿನ್ನೆ ಬಂದಿದ್ದಾನೆ, ನಾಳೆ ಕಾರಟಗಿಗೆ ತಿರುಗಿ ಹೊರಡುತ್ತಾನೆ. ಅವನ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತೇನೆ. ಒಬ್ಬಳೇ ಕುಳಿತು ಓದು.

ಮೊದಲು ನಿನಗೆ ಬೇಕಾದ ಸುದ್ದಿ. ಪಾಸಾಗಿದ್ದೀಯೆ. ಕನ್ನಡ, ಸಮಾಜ ವಿಜ್ಞಾನ ಎ ಪ್ಲಸ್. ಇಂಗ್ಲಿಷ್ ಎ. ಗಣಿತದಲ್ಲಿ ಏನು ಬಂದಿದೆ ಎಂಬುದನ್ನು ನೀನು ಬಂದ ಮೇಲೆ ಮಾತನಾಡೋಣ.

ಪರೀಕ್ಷೆ ಮುಗಿದ ಮರುದಿನವೇ ನೀನು ಮಾವನ ಹಿಂದೆ ಹೊರಟುಹೋದೆ. ಹಾಗಾಗಿ ಫಲಿತಾಂಶದ ದಿನ ನಿನ್ನ ಪ್ರಗತಿ ಪತ್ರವನ್ನು ನಾನೇ ಹೋಗಿ ತೆಗೆದುಕೊಂಡೆ. ‘ಸಮುದಾಯದತ್ತ ಶಾಲೆ’ ಎಂದು ಆ ದಿನ ತಂದೆತಾಯಿಯರನ್ನೆಲ್ಲ ಕರೆಯುತ್ತಾರಲ್ಲ, ಎಷ್ಟೋ ವರ್ಷ ಅದನ್ನು ಶಾಲೆಯ ಬಿಸಿಯೂಟದ ಅಡುಗೆ ಕೋಣೆಯ ಬಾಗಿಲಿನಿಂದ ನೋಡಿದವಳು ನಾನು. ಈ ಸಲ ಕೈ ತೊಳೆದುಕೊಂಡು, ಸೆರಗು ಸರಿ ಮಾಡಿಕೊಂಡು, ಏಳನೆಯ ತರಗತಿಯ ಬೆಂಚಿನ ಮೇಲೆ ಹೋಗಿ ಕುಳಿತೆ. ನಿನ್ನ ಹೆಸರು ಕರೆದಾಗ ಎದ್ದು ಹೋದರೆ ದೊಡ್ಡ ಸರ್ ಅಭ್ಯಾಸಬಲದಿಂದ, “ಏನಮ್ಮ, ಉಪ್ಪು ತೀರಿತೇ?” ಎಂದರು. ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ.

ಐದನೆಯ ತರಗತಿಯ ಫಲಿತಾಂಶ ನಿನಗೆ ನೆನಪಿದೆಯೇ? 2024ರ ಮಾರ್ಚ್. ಬೋರ್ಡ್ ಪರೀಕ್ಷೆ ಎಂದು ಶುರು ಮಾಡಿದರು, ಮರುದಿನವೇ ಕೋರ್ಟಿನಿಂದ ತಡೆ ಬಂತು, 25ಕ್ಕೆ ಮತ್ತೆ ಬರೆಸಿದರು. ಕೊನೆಗೆ ಏಪ್ರಿಲ್ 8ರಂದು ಫಲಿತಾಂಶಕ್ಕೂ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. “ಸುಪ್ರೀಂ ಕೋರ್ಟಿಗೆ ನನ್ನ ಮಾರ್ಕ್ಸ್ ಯಾಕೆ ಬೇಕು?” ಎಂದು ನೀನು ಕೇಳಿದ್ದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ನಿನ್ನ ಓದೇ ಹೀಗೆ ಕುಂಟುತ್ತ ಬಂದದ್ದು. ಎರಡನೆಯ ತರಗತಿಯ ವರ್ಷ ಕೊರೊನಾ. ಆ ತರಗತಿಯ ಬಾಗಿಲನ್ನೇ ನೀನು ನೋಡಲಿಲ್ಲ. ಹಾಗಿರುವಾಗ ಈ ಒಂದು ಪ್ರಗತಿ ಪತ್ರವಾದರೂ ನೆಟ್ಟಗೆ ಕೈಗೆ ಬಂತಲ್ಲ ಎಂದು ಪೆಟ್ಟಿಗೆಯಲ್ಲಿ ಸೀರೆಯ ಕೆಳಗೆ ಇಟ್ಟಿದ್ದೇನೆ.

ಮಕ್ಕಳು ಮಾಡಿದ ಮಾದರಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ನಿನ್ನ ಗವಿಮಠದ ಗುಡ್ಡವೂ ಇತ್ತು. ಅಶೋಕನ ಶಾಸನಕ್ಕೆ ನೀನು ಅಂಟಿಸಿದ್ದ ಕಾಗದ ಗಾಳಿಗೆ ಹಾರಿಹೋಗಿ ಬರಿಯ ಬಂಡೆ ಉಳಿದಿತ್ತು, ನಾನೇ ಹುಡುಕಿ ಅನ್ನದ ಅಗುಳಿನಿಂದ ಮತ್ತೆ ಅಂಟಿಸಿದೆ. ಎಲ್ಲರ ಕಣ್ಣು ಬಿದ್ದದ್ದು ಆರನೆಯ ತರಗತಿಯ ಹುಡುಗರ ತುಂಗಭದ್ರಾ ಜಲಾಶಯದ ಮೇಲೆ. ಥರ್ಮೋಕೋಲಿನಲ್ಲಿ 33 ಗೇಟು. ಹತ್ತೊಂಬತ್ತನೆಯದನ್ನು ಮಾತ್ರ ದಾರದಿಂದ ಕಟ್ಟಿದ್ದರು. ಎಳೆದರೆ ಕಿತ್ತು ಬರುವ ಹಾಗೆ, 2024ರ ಆಗಸ್ಟ್‌ನಲ್ಲಿ ಕಿತ್ತುಹೋಯಿತಲ್ಲ, ಹಾಗೆ. ಒಬ್ಬ ಹುಡುಗ ತಲೆಗೆ ಹಳದಿ ಹೆಲ್ಮೆಟ್ ಹಾಕಿಕೊಂಡು ಆಗ ಬಂದು ಸರಿಪಡಿಸಿದ ಗೇಟು ತಜ್ಞ ಕನ್ನಯ್ಯ ನಾಯ್ಡು ತಾನೇ ಎಂದು ಹೇಳಿ, ಹರಿಯುವ ನೀರಿನಲ್ಲೇ ತಡೆಗೇಟು ಇಳಿಸಿ ತೋರಿಸಿದ. ನೀರಿಗೆ ಬಕೆಟ್ ನನ್ನದು. ಐದು ಸಲ ತೋರಿಸುವಷ್ಟರಲ್ಲಿ ಶಾಲೆಯ ಅಂಗಳವೆಲ್ಲ ಎಡದಂಡೆ ಕಾಲುವೆಯಾಯಿತು.

ಆಮೇಲೆ ಸೂಚನೆಗಳು. ರಜೆ ಮೇ ತಿಂಗಳ ಕೊನೆಯವರೆಗೆ. ಹಳೆಯ ಪಠ್ಯಪುಸ್ತಕಗಳನ್ನು ಹರಿಯದೆ ಹಿಂದಿರುಗಿಸಬೇಕಂತೆ. ನಿನ್ನವನ್ನು ಒಟ್ಟು ಮಾಡಿದ್ದೇನೆ, ವಿಜ್ಞಾನದ ಎರಡನೆಯ ಭಾಗ ಸಿಕ್ಕಿಲ್ಲ. ಒಂದನೆಯ ತರಗತಿಗೆ ಈ ಸಲ ಮಕ್ಕಳು ಕಡಿಮೆ, ಮನೆಮನೆಗೆ ಹೋಗಿ ಹೆಸರು ಬರೆಸಬೇಕು ಎಂದು ದೊಡ್ಡ ಸರ್ ಕೇಳಿಕೊಂಡರು. ನಿನ್ನ ಬೆಂಚಿನ ಗೆಳತಿಯ ಪ್ರಗತಿ ಪತ್ರ ಹಾಗೆಯೇ ಉಳಿದಿದೆ. ಜನವರಿಯಲ್ಲಿ ಮನೆಯವರೆಲ್ಲ ಬೆಂಗಳೂರಿಗೆ ಗುಳೆ ಹೋದರಲ್ಲ, ಪರೀಕ್ಷೆಗೆ ಅವಳೊಬ್ಬಳನ್ನು ಬಸ್ಸು ಹತ್ತಿಸಿ ಕಳಿಸಿದ್ದರು, ಮುಗಿದ ಸಂಜೆಯೇ ತಿರುಗಿ ಹೋದಳು. ನಿಮ್ಮ ಅಪ್ಪನೂ ಅದೇ ಕಟ್ಟಡದಲ್ಲಿ ಗಾರೆ ಕೆಲಸದಲ್ಲಿದ್ದಾನೆ. ಅವಳು ಪಾಸಾದ ಸುದ್ದಿಯನ್ನು ಅವನ ಫೋನಿಗೆ ಹೇಳಿದ್ದೇನೆ. ಎಂಟಕ್ಕೆ ಬರುತ್ತಾಳೋ ಇಲ್ಲವೋ ಎಂದು ಕೇಳಿದೆ, ಅಪ್ಪ ಮಾತು ಬದಲಿಸಿದ.

ಇನ್ನು ನಿನ್ನ ಟಿಸಿ. ಇಲ್ಲೊಂದು ತೊಡಕು ಇದೆ. ನಿನ್ನ ಹೆಸರಿನ ಬಾಲಕ್ಕೆ ಶಾಲೆಯ ದಾಖಲಾತಿ ಪುಸ್ತಕದಲ್ಲಿ ‘ಅಮ್ಮ’ ಎಂದಿದೆ, ಆಧಾರ್‌ನಲ್ಲಿ ‘ಅವ್ವ’ ಎಂದಿದೆ. ಹುಟ್ಟಿದ ದಿನವೂ ಅಷ್ಟೇ. ನೀನು ಹುಟ್ಟಿದ್ದು ಶ್ರಾವಣದಲ್ಲಿ. ನಿಮ್ಮ ತಾತ ಹೆಸರು ಹಚ್ಚಲು ಹೋದವನು ವಯಸ್ಸು ಸಾಲದೇ ಹೋದೀತೆಂದು ಜೂನ್ 1 ಎಂದು ಬರೆಸಿ ಬಂದ. ಜನನ ಪ್ರಮಾಣಪತ್ರವನ್ನು ಯಾರೂ ಕೇಳಲಿಲ್ಲ, ಅವನೂ ತೋರಿಸಲಿಲ್ಲ. ನನ್ನದೂ ಜೂನ್ 1. ನಿಮ್ಮ ಅಪ್ಪನದೂ ಅದೇ. ನಮ್ಮೂರಿನ ಅರ್ಧ ಜನ ಶಾಲೆ ತೆರೆಯುವ ದಿನವೇ ಹುಟ್ಟಿದವರು. ನಗಬೇಡ, ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಒಮ್ಮೆ ಅಚ್ಚಾದರೆ ಆಮೇಲೆ ತಿದ್ದಿಸುವುದು ಕೋರ್ಟು ಕಚೇರಿಯ ಅಲೆದಾಟ. ಈಗಲೇ ಅರ್ಜಿ ಕೊಡೋಣ ಎಂದು ದೊಡ್ಡ ಸರ್ ಹೇಳಿದ್ದಾರೆ. ತಿದ್ದುಪಡಿ ತಡವಾದರೆ ಹೈಸ್ಕೂಲಿನಲ್ಲಿ ಸೇರಿಸಿಕೊಳ್ಳುವುದಿಲ್ಲವೇನೋ ಎಂದು ನನಗೆ ಭಯವಿತ್ತು. ಟಿಸಿ ತಡವಾಯಿತೆಂದು ಎಂಟನೆಯ ತರಗತಿಯವರೆಗೆ ಯಾವ ಶಾಲೆಯೂ ಪ್ರವೇಶ ತಡೆಯುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿಯೇ ಹಾಗೆ ಬರೆದಿದೆ ಎಂದರು. ಆದರೂ ಜಾತಿ, ಆದಾಯ ಪ್ರಮಾಣಪತ್ರ ಬೇಕೇ ಬೇಕು. ಬೇಸಿಗೆಯಲ್ಲಿ ನಮ್ಮ ಕಡೆಯ ಕಚೇರಿಗಳು ಎಂಟಕ್ಕೆ ತೆರೆದು ಒಂದೂವರೆಗೆ ಮುಚ್ಚುತ್ತವೆ. ನೀನು ಬಂದ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ನಾಡಕಚೇರಿಗೆ ಹೋಗಬೇಕು. ನಿದ್ದೆ ಎಂದು ಹಟ ಮಾಡಬೇಡ.

ಈಗ ಬೀಳ್ಕೊಡುಗೆಯ ವಿಷಯ. ಇದನ್ನು ಅಂದೇ ಹೇಳಬೇಕಿತ್ತು. ಪರೀಕ್ಷೆ ಮುಗಿಯಲಿ ಎಂದು ಬಿಟ್ಟೆ, ಅಷ್ಟರಲ್ಲಿ ನೀನು ಊರು ಬಿಟ್ಟೆ.

ನಿನ್ನ ಭಾಷಣ ಚೆನ್ನಾಗಿತ್ತು. ದೊಡ್ಡ ಸರ್‌ಗೆ, ಟೀಚರುಗಳಿಗೆ, ಎಸ್‌ಡಿಎಂಸಿಯ ಹಿರಿಯರಿಗೆ, ಗೇಟಿನ ಹತ್ತಿರ ಬೇವಿನ ಗಿಡ ನೆಟ್ಟ ತಾತನಿಗೂ ವಂದನೆ ಹೇಳಿದೆ. ಹಿಂದೆ ಒಲೆಯ ಮೇಲೆ ಗೋಧಿ ಹುಗ್ಗಿ ತಳ ಹಿಡಿಯದ ಹಾಗೆ ತಿರುವುತ್ತ ಅಡುಗೆಯವರು ನಾವಿಬ್ಬರೂ ಕಿವಿಗೊಟ್ಟು ನಿಂತಿದ್ದೆವು. ಮುಂದಿನ ಹೆಸರು ನಮ್ಮದೇ ಎಂದು ನನ್ನ ಜೊತೆಯವಳು ಸೌಟು ಕೆಳಗಿಟ್ಟು ಕೈಯನ್ನೂ ಒರೆಸಿಕೊಂಡಳು. ನೀನು ‘ಇಷ್ಟು ಹೇಳಿ ನನ್ನ ಎರಡು ಮಾತು ಮುಗಿಸುತ್ತೇನೆ’ ಎಂದೆ. ಚಪ್ಪಾಳೆಯಾಯಿತು. ಹುಗ್ಗಿ ಸ್ವಲ್ಪ ತಳ ಹಿಡಿಯಿತು.

ನನ್ನ ಹೆಸರು ನೀನು ಯಾಕೆ ಹೇಳಲಿಲ್ಲ ಎಂಬುದು ನನಗೆ ಗೊತ್ತು. ಐದನೆಯ ತರಗತಿಯಿಂದಲೇ ನೀನು ಸಾಲಿನಲ್ಲಿ ಬಂದಾಗ ಮುಖ ನೋಡದೆ ತಟ್ಟೆ ಚಾಚುತ್ತಿದ್ದೆ. ಬೇರೆ ಮಕ್ಕಳ ಹಾಗೆ ‘ಅಡುಗೆ ಅಮ್ಮ’ ಎನ್ನುತ್ತಿದ್ದೆ. ಮನೆಗೆ ಬಂದ ಮೇಲೆ ಅವ್ವ. ನಿನ್ನ ಹೆಸರಿನ ಹಾಗೆಯೇ, ಶಾಲೆಯಲ್ಲೊಂದು ಬಾಲ, ಮನೆಯಲ್ಲೊಂದು. ಅದಕ್ಕೆ ನನಗೆ ಸಿಟ್ಟಿಲ್ಲ. ಆದರೆ ನನ್ನ ಜೊತೆಯವಳ ಹೆಸರನ್ನು ಹೇಳಬೇಕಿತ್ತು ಕಣವ್ವ. ಒಂದನೆಯ ತರಗತಿಯಲ್ಲಿ ನೀನು ಜ್ವರ ಬಂದು ಪ್ರಾರ್ಥನೆಯಲ್ಲಿ ಬಿದ್ದಾಗ ನಾನು ಕೊಪ್ಪರಿಗೆ ಇಳಿಸುತ್ತಿದ್ದೆ. ನಿನ್ನನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದವಳು ಅವಳು. ನಿನ್ನ ಭಾಷಣವಾದ ಮೇಲೆ ಮೂರು ದಿನ ಅವಳು ನನ್ನೊಂದಿಗೆ ಸರಿಯಾಗಿ ಮಾತನಾಡಲಿಲ್ಲ. ಬಂದ ಕೂಡಲೇ ಅವಳ ಮನೆಗೆ ಹೋಗಿ ಬಾ. ಭಾಷಣ ಬೇಡ, ಹೋಗಿ ಕುಳಿತು ಚಹಾ ಕುಡಿದು ಬಾ.

ನಾನೂ ಒಂದು ಮಾತು ಮುಚ್ಚಿಟ್ಟಿದ್ದೇನೆ. ನೀನು ಶಾಲೆಯಲ್ಲಿದ್ದಷ್ಟು ವರ್ಷವೂ ನಿನ್ನ ತಟ್ಟೆಗೆ ನಾನು ಒಂದು ಸೌಟು ಕಡಿಮೆಯೇ ಹಾಕಿದ್ದೇನೆ. ಸರ್ಕಾರದ ಲೆಕ್ಕದಲ್ಲಿ ಐದರವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ. ಆರರಿಂದ ಮೇಲೆ 150 ಮತ್ತು 30. ನೀನು ಆರಕ್ಕೆ ಬಂದ ದಿನ ನಿನ್ನ ಪಾಲು ಏರಿತು, ನನ್ನ ಕೈ ಏರಲಿಲ್ಲ. ಅಡುಗೆಯವಳು ತನ್ನ ಮಗಳಿಗೆ ಗಟ್ಟಿ ಬೇಳೆ ತಳದಿಂದ ಎತ್ತಿ ಹಾಕುತ್ತಾಳೆ ಎಂಬ ಮಾತು ಬರಬಾರದು ಎಂದು ನಿನಗೆ ಮೇಲಿನ ತಿಳಿ ಬಡಿಸಿದೆ. ಯಾರೂ ಏನೂ ಅನ್ನುತ್ತಿರಲಿಲ್ಲವೇನೋ. ನಾನು ಮೊದಲೇ ಹೆದರಿಕೊಂಡೆ. ಹಾಲಿನದೂ ಹಾಗೆಯೇ, 18 ಗ್ರಾಂ ಪುಡಿಗೆ 150 ಮಿಲಿಲೀಟರ್ ಹಾಲು ಆಗಬೇಕು, ಕೆನೆಗಟ್ಟಿದ ಲೋಟವನ್ನು ಪಕ್ಕದವಳಿಗೆ ಕೊಟ್ಟು ನಿನಗೆ ಬುರುಗಿನ ಲೋಟ ಕೊಟ್ಟದ್ದುಂಟು. ಸಂಜೆ ನೀನು ಮನೆಗೆ ಬಂದು ಹಸಿವು ಎಂದಾಗಲೆಲ್ಲ ನನಗೆ ಕಾರಣ ಗೊತ್ತಿರುತ್ತಿತ್ತು. ರೊಟ್ಟಿಗೆ ಶೇಂಗಾ ಹಿಂಡಿ, ಮೇಲೆ ಎಣ್ಣೆ ಹೆಚ್ಚು ಹಾಕುತ್ತಿದ್ದೆನಲ್ಲ, ಅದು ಮಧ್ಯಾಹ್ನದ ಬಾಕಿ.

ಮೊಟ್ಟೆಯ ಸಂಗತಿಯೂ ನನಗೆ ಗೊತ್ತು. 2021ರ ಡಿಸೆಂಬರ್‌ನಲ್ಲಿ ನಮ್ಮ ಕಡೆಯ ಜಿಲ್ಲೆಗಳಿಗೆ ಮೊದಲು ಮೊಟ್ಟೆ ಬಂದಾಗ, ಅಪ್ಪ ನಿನ್ನ ಹೆಸರಿನ ಮುಂದೆ ಬಾಳೆಹಣ್ಣು ಎಂದು ಬರೆಸಿದ. ನೀನು ಕಂಬದ ಹಿಂದೆ ಹೋಗಿ ಬಾಳೆಹಣ್ಣು ಕೊಟ್ಟು ಮೊಟ್ಟೆ ತೆಗೆದುಕೊಳ್ಳುತ್ತಿದ್ದೆ. ದಿನವೂ ಅಷ್ಟು ಮೊಟ್ಟೆ ಸುಲಿಯುವವಳಿಗೆ ಯಾರ ಬಾಯಿಯಿಂದ ಯಾವ ವಾಸನೆ ಬರುತ್ತದೆ ಎಂದು ತಿಳಿಯುವುದಿಲ್ಲವೇ? ಅಪ್ಪನಿಗೆ ಹೇಳಿಲ್ಲ. ಹೇಳುವುದೂ ಇಲ್ಲ.

ನಮ್ಮ ಕಡೆಯ ಏಳು ಜಿಲ್ಲೆಗಳಲ್ಲಿ 2002ರ ಜೂನ್‌ನಲ್ಲಿ ಬಿಸಿಯೂಟ ಶುರುವಾದಾಗ ನಾನು ಐದನೆಯ ತರಗತಿ. ಅದಕ್ಕೆ ಮೊದಲು ತಿಂಗಳಿಗೆ ಮೂರು ಕೆ.ಜಿ. ಅಕ್ಕಿ ಕೊಡುತ್ತಿದ್ದರು, ಅದು ಮನೆಯ ಗಡಿಗೆಗೆ ಹೋಗಿ ಎಲ್ಲರ ಅಕ್ಕಿಯಾಗುತ್ತಿತ್ತು. ಬಿಸಿಯ ಅನ್ನ ತಟ್ಟೆಗೆ ಬಿದ್ದ ಮೊದಲ ದಿನ ಬಡಿಸಿದ ಮುದುಕಿಯ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ, ಹೆಸರು ಮಾತ್ರ ನಾನು ಕೇಳಲೇ ಇಲ್ಲ. ಹಾಗೆ ನೋಡಿದರೆ ನಾನೂ ನಿನ್ನಂಥವಳೇ.

ಎಂಟನೆಯ ತರಗತಿಯಲ್ಲಿಯೂ ಊಟ ಇರುತ್ತದೆ, ಹತ್ತರವರೆಗೂ ಇದೆ. ಅಲ್ಲಿ ನಿನಗೆ ಬಡಿಸುವವರಿಗೆ ನೀನು ಯಾರ ಮಗಳೆಂದು ಗೊತ್ತಿರುವುದಿಲ್ಲ, ಆದ್ದರಿಂದ ತಟ್ಟೆಗೆ ಸರಿಯಾಗಿ 150 ಗ್ರಾಮೇ ಬಿದ್ದೀತು. ಊರಿನಿಂದ ಐದು ಕಿಲೋಮೀಟರ್. ಶಕ್ತಿ ಯೋಜನೆಯಿಂದ ಟಿಕೆಟಿನ ಚಿಂತೆ ಇಲ್ಲ. ಬೆಳಗಿನ ಬಸ್ಸು ನಮ್ಮ ನಿಲ್ದಾಣಕ್ಕೆ ಬರುವಷ್ಟರಲ್ಲಿ ತುಂಬಿರುತ್ತದೆ, ಅದೇ ಚಿಂತೆ. ಮೊದಲ ವಾರ ನಾನೂ ಜೊತೆಗೆ ಬರೋಣವೆಂದುಕೊಂಡೆ. ನನ್ನ ಒಲೆ ಹೊತ್ತುವುದೂ ಅದೇ ಹೊತ್ತಿಗೆ. ಓಣಿಯ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಹೇಳಿಟ್ಟಿದ್ದೇನೆ.

ನಾವಿಬ್ಬರೂ ಕೊನೆಯ ಎರಡು ದಿನ ಕೋಣೆ ತೊಳೆದೆವು. ಬರ ಬಿದ್ದ 2024ರಲ್ಲಿ ಬೇಸಿಗೆಯಲ್ಲೂ ಒಲೆ ಹಚ್ಚಿದ್ದೆವು, ಈ ಸಲ ಹಾಗಿಲ್ಲ. ಉಳಿದ ಅಕ್ಕಿ ತೂಗಿ ಬರೆಸಿ, ಖಾಲಿ ಚೀಲ ಕೊಡವಿ ಕಟ್ಟಿ, ಸಿಲಿಂಡರ್ ಬಂದ್ ಮಾಡಿ, ತಟ್ಟೆಗಳನ್ನು ಹತ್ತು ಹತ್ತರ ಗುಂಪು ಮಾಡಿ ಎಣಿಸಿದೆವು. ಎಷ್ಟು ಸಲ ಎಣಿಸಿದರೂ ಒಂದು ಕಡಿಮೆ. ಯಾರೋ ಬಯಲಿನಲ್ಲಿ ಬಿಟ್ಟಿರಬೇಕೆಂದು ಶಾಲೆಯ ಹಿಂದಿನ ಜಾಲಿಯ ಪೊದೆಯನ್ನೆಲ್ಲ ಕೋಲಿನಿಂದ ಕೆದಕಿ ನೋಡಿದೆ. ಕೊನೆಗೆ ಪುಸ್ತಕದಲ್ಲಿ ‘ಒಂದು ತಟ್ಟೆ ಇಲ್ಲ’ ಎಂದು ಬರೆದು ಸಹಿ ಹಾಕಿದೆ.

ನಿನ್ನೆ ರಾತ್ರಿ ಮಾವ ಊಟಕ್ಕೆ ಕುಳಿತಾಗ ಹೇಳಿದ: ಅಲ್ಲಿ ನೀನು ಬೇರೆ ತಟ್ಟೆಯಲ್ಲಿ ಉಣ್ಣುವುದೇ ಇಲ್ಲವಂತೆ. ಚೀಲದಲ್ಲಿ ತಂದ ಒಂದು ಸ್ಟೀಲ್ ತಟ್ಟೆ, ಹಿಂಬದಿಗೆ ಮೊಳೆಯಿಂದ ಗೀರಿದ ನಿನ್ನ ಹೆಸರಿನ ಮೊದಲ ಅಕ್ಷರ, ಮಾವನ ಮಕ್ಕಳು ಮುಟ್ಟಿದರೆ ಜಗಳ.

ಮೇ 20ರೊಳಗೆ ಹೊರಟು ಬಾ. ಅಜ್ಜಿ ಕೊಡುವ ನುಚ್ಚಕ್ಕಿ ಮರೆಯಬೇಡ. ತಟ್ಟೆಯನ್ನೂ ತೆಗೆದುಕೊಂಡು ಬಾ. ಅದು ಶಾಲೆಯದು, ಲೆಕ್ಕ ತಿದ್ದಬೇಕು. ಅದರ ಬದಲಿಗೆ ಬೇರೊಂದು ಹೊಸ ತಟ್ಟೆ ಕೊಟ್ಟರೂ ನಡೆಯುತ್ತದೆ ಎಂದು ದೊಡ್ಡ ಸರ್ ಹೇಳಿದ್ದಾರೆ, ಕುಷ್ಟಗಿ ಸಂತೆಯಲ್ಲಿ ವಿಚಾರಿಸುತ್ತೇನೆ.

ನಿನ್ನ ಅವ್ವ