ಹುಲಿ ಸಿಗದಿದ್ದರೆ ಸಫಾರಿ ದಂಡವೇ?

ಮಾನ್ಯ ಸಂಪಾದಕರೇ,

ರಜೆ ಸಿಕ್ಕಿದರೆ ಸಾಕು, ಮಂಗಳೂರು, ಉಡುಪಿ ಕಡೆಯಿಂದ ಸಂಪಾಜೆ ಘಾಟಿ ಹತ್ತಿ, ಮಡಿಕೇರಿ, ಗೋಣಿಕೊಪ್ಪ ದಾಟಿ ನಾಗರಹೊಳೆಗೆ ಹೋಗುವವರು ಈಗ ಜಾಸ್ತಿ. ಒಳ್ಳೆಯದೇ, ಮಕ್ಕಳು ಕಾಡು ನೋಡಬೇಕು. ಆದರೆ ಸಫಾರಿ ಮುಗಿಸಿ ಇಳಿಯುವಾಗ ಹೆಚ್ಚಿನವರದ್ದು ಒಂದೇ ಮಾತು: "ಹುಲಿ ಸಿಗ್ಲಿಲ್ಲ, ದುಡ್ಡು ದಂಡ."

ಅಷ್ಟಮಿ, ನವರಾತ್ರಿಗೆ ಹುಲಿವೇಷ ಕುಣಿಯುವ ಊರು ನಮ್ಮದು. ಹುಲಿ ನೋಡುವ ಆಸೆ ಯಾರಿಗಿಲ್ಲ? ಆದರೆ ಉಳಿದ ಪ್ರಾಣಿಗಳು ಲೆಕ್ಕಕ್ಕೇ ಇಲ್ಲ ಅಂದರೆ ಹೇಗೆ? ಕಳೆದ ಬೇಸಿಗೆಯಲ್ಲಿ ನಾವು ಮನೆಯವರೆಲ್ಲ ಹೋಗಿದ್ದಾಗ ಕೆರೆ ಬದಿಯಲ್ಲಿ ಸೀಳುನಾಯಿಗಳ ಹಿಂಡು ಕಂಡಿತು. ಕೆಂಪು ಮೈ, ಪೊದೆಯಂಥ ಕಪ್ಪು ಬಾಲ. ದೊಡ್ಡದೊಂದು ಹೊಟ್ಟೆಯ ತನಕ ನೀರಲ್ಲಿ ಕೂತಿತ್ತು, ಮರಿಗಳು ದಡದಲ್ಲಿ ಒಂದರ ಮೇಲೊಂದು ಬಿದ್ದು ಹೊರಳಾಡುತ್ತಿದ್ದವು. ಚಾಲಕರು ಇಂಜಿನ್ ಆಫ್ ಮಾಡಿದ್ದೇ ತಡ, ಹಿಂದಿನ ಸೀಟಿನಿಂದ ಒಬ್ಬರು "ನಾಯಿ ಅಲ್ವಾ ಮಾರಾಯ್ರೆ, ಮುಂದೆ ಹೋಗುವ" ಎಂದು ಕೂಗಿದರು. ಮತ್ತಿಬ್ಬರು ದನಿಗೂಡಿಸಿದರು, ಬಸ್ಸು ಹೊರಟೇ ಬಿಟ್ಟಿತು. ನನಗೆ ತುಂಬಾ ಬೇಜಾರಾಯಿತು. ಸೀಳುನಾಯಿಯೂ ಹುಲಿಯಂತೆಯೇ ಅಳಿವಿನ ಭೀತಿಯಲ್ಲಿರುವ ಪ್ರಾಣಿ.

ಇನ್ನೊಂದು, ಕಾಡಿನಲ್ಲಿ ಹುಲಿ ಹುಡುಕಲು ಕಣ್ಣಿನಷ್ಟೇ ಕಿವಿಯೂ ಬೇಕು. ಹುಲಿಯನ್ನು ಕಂಡು ಜಿಂಕೆ ಕೂಗಿತಾ, ಮರದ ಮೇಲಿನ ಮುಸುವ ಕೆಮ್ಮಿದ ಹಾಗೆ ಸದ್ದು ಮಾಡಿತಾ, ಕಡವೆ ಎಚ್ಚರಿಸಿತಾ ಎಂದು ಚಾಲಕರು ಕಿವಿಗೊಟ್ಟು ಕೇಳುತ್ತಾರೆ. ಬಸ್ಸಿನೊಳಗೆ ಹರಟೆ, ಫೋನಿನ ರಿಂಗ್, ಚಿಪ್ಸ್ ಪ್ಯಾಕೆಟಿನ ಸದ್ದು ಇದ್ದರೆ ಅವರಿಗೆ ಕೇಳಿಸುವುದು ಹೇಗೆ?

2022ರ ಗಣತಿಯಲ್ಲಿ ನಮ್ಮ ರಾಜ್ಯದಲ್ಲಿ 563 ಹುಲಿಗಳಿದ್ದವು, ಮಧ್ಯಪ್ರದೇಶ ಬಿಟ್ಟರೆ ನಾವೇ. ಹುಲಿ ಇಷ್ಟು ಉಳಿದದ್ದು ಅದಕ್ಕೆ ತಿನ್ನಲು ಜಿಂಕೆ, ಕಡವೆ, ಕಾಟಿ ಇರುವುದರಿಂದ. ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದು, ಬಯಲಾದ ನೆಲದಲ್ಲಿ ಹಸಿರು ಹುಲ್ಲು ಚಿಗುರಿದಾಗ ಅಲ್ಲಿ ಸೇರುವ ಆನೆಗಳನ್ನು ನೋಡಲೆಂದೇ ದೂರದ ದೇಶಗಳಿಂದ ಜನ ಬರುತ್ತಾರೆ. ಅದನ್ನು ಕಣ್ಣಾರೆ ಕಂಡವರೂ "ಏನೂ ಸಿಗ್ಲಿಲ್ಲ" ಅನ್ನುತ್ತಾರಲ್ಲ!

ಅರಣ್ಯ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟು. ಬಸ್ಸು ಹತ್ತಿಸುವ ಮೊದಲು ಹತ್ತು ನಿಮಿಷ ಕನ್ನಡದಲ್ಲಿ ಕಾಡಿನ ಬಗ್ಗೆ ಹೇಳಿ, ಫೋನ್ ಸೈಲೆಂಟ್ ಮಾಡಿಸಿ. ಪ್ರತಿ ಬಸ್ಸಿನಲ್ಲೂ ಒಬ್ಬ ಗೈಡ್ ಇರಲಿ. ಆ ಕಾಡಿನಲ್ಲೇ ಹುಟ್ಟಿ ಬೆಳೆದ ಜೇನುಕುರುಬರ ಹಾಡಿಗಳ ಯುವಕ ಯುವತಿಯರಿಗೆ ಸರಿಯಾದ ಸಂಬಳ ಕೊಟ್ಟು ಆ ಕೆಲಸ ಕೊಡಿ. ಗಾಡಿ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಅವರೇ ನಿರ್ಧರಿಸಲಿ, ಹಿಂದಿನ ಸೀಟಿನವರಲ್ಲ.

– ಓದುಗ, ಮಂಗಳೂರು